ಮುಯ್ಯಿ ಪುಸ್ತಕದ ಲೆಕ್ಕ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಸಣ್ಣ ಯೂನಿಟ್ಟಿನಲ್ಲಿ ನಾನು ಆರು ವರ್ಷ ವಸೂಲಿ ಕೆಲಸ ಮಾಡಿದೆ. ವಸೂಲಿ ಅಂದರೆ, ಉದ್ರಿ ಮೇಲೆ ಮಾಲು ತಗೊಂಡ ಅಂಗಡಿಗಳಿಗೆ ಹೋಗಿ ಬಾಕಿ ದುಡ್ಡು ತರುವುದು. ಒಂದು ದಿನ ಗಂಗಾವತಿ, ಕೊಪ್ಪಳ. ಇನ್ನೊಂದು ದಿನ ಸಿಂಧನೂರು, ಮಾನ್ವಿ, ರಾಯಚೂರು. ಹೆಗಲಿಗೆ ಚೀಲ, ಜೇಬಿನಲ್ಲಿ ಬಾಕಿದಾರರ ಪಟ್ಟಿ, ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಎದುರು ಒಂದು ಪ್ಲೇಟು ಮಂಡಾಳ ಒಗ್ಗರಣೆ, ಎರಡು ಮಿರ್ಚಿ.

ನನ್ನ ಜೊತೆ ಇನ್ನೊಬ್ಬ ಹುಡುಗ ಇದ್ದ. ಬಿ.ಕಾಂ. ಓದಿದವನು, ಲೆಕ್ಕದಲ್ಲಿ ನನಗಿಂತ ಎಷ್ಟೋ ಜಾಣ. ಅಂಗಡಿ ಒಳಗೆ ಕಾಲಿಟ್ಟ ಕೂಡಲೇ ಪಟ್ಟಿ ತೆಗೆಯುತ್ತಿದ್ದ. "ಕಾಕಾ, ನಿಮ್ದು ಮೂರು ಬಿಲ್ ಬಾಕಿ ಐತ್ರಿ." ಅಲ್ಲಿಂದ ಬರುವ ಉತ್ತರವೂ ಒಂದೇ. "ಬರೋ ವಾರ ಬಾ ತಮ್ಮಾ, ನೋಡೋಣು." ನಾನೂ ಅವನನ್ನೇ ನೋಡಿ ಕಲಿತೆ. ನನಗೂ ಬರೋ ವಾರವೇ ಸಿಗುತ್ತಿತ್ತು.

ಅಪರೂಪಕ್ಕೆ ನಮ್ಮ ಸಾವ್ಕಾರ್ರು ತಾವೇ ಬರುತ್ತಿದ್ದರು. ಅವರ ಕೈಯಲ್ಲಿ ಪಟ್ಟಿಯೇ ಇರುತ್ತಿರಲಿಲ್ಲ. "ಮೊಮ್ಮಗ ನಡೀಲಿಕ್ಕೆ ಹತ್ಯಾನೇನ್ರಿ?" ಅಂತ ಶುರು ಮಾಡುತ್ತಿದ್ದರು. ಚಾ ಬರುತ್ತಿತ್ತು. ಹೋದ ಸಲ ಮೊಣಕಾಲು ನೋವು ಅಂದಿದ್ದರಲ್ಲ, ಅದರ ವಿಚಾರ. ಮಳೆ ವಿಚಾರ. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಅನ್ನುವ ವಿಚಾರ. ಎದ್ದು ಹೊರಡುವಾಗ ಅಂಗಡಿಯವರೇ, "ಅಲ್ರಿ, ನಿಮ್ದೊಂದಿಷ್ಟು ಬಾಕಿ ಐತಲ್ಲ" ಅಂತ ಗಲ್ಲಾಪೆಟ್ಟಿಗೆ ತೆಗೆಯುತ್ತಿದ್ದರು. ಪ್ರತಿ ಸಲ ಹೀಗೆ ಆಗುತ್ತಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ನಮಗಿಂತ ಜಾಸ್ತಿ ಸಲ ಆಗುತ್ತಿತ್ತು.

ಮಾಲೀಕರು ಅಂತ ಮರ್ಯಾದೆ ಕೊಡುತ್ತಾರೆ, ಅಷ್ಟೇ ಅಂದುಕೊಂಡಿದ್ದೆ. ವಿಷಯ ಬೇರೆಯೇ ಇತ್ತು. ಒಬ್ಬ ಬಟ್ಟೆ ಅಂಗಡಿಯವನು ಹತ್ತು ಮಂದಿಗೆ ದುಡ್ಡು ಕೊಡಬೇಕಿರುತ್ತದೆ. ಗಲ್ಲಾದಲ್ಲಿ ಇರುವುದು ಮೂರು ಮಂದಿಗೆ ಆಗುವಷ್ಟು. ಆ ಮೂವರು ಯಾರು? ಬಿಲ್ಲಿನ ಮೇಲಿನ ತಾರೀಕು ಅದನ್ನು ತೀರ್ಮಾನ ಮಾಡುವುದಿಲ್ಲ. ಅವನ ಮನಸ್ಸಿನಲ್ಲಿ ಒಂದು ಸಾಲು ಇರುತ್ತದೆ. ನಮ್ಮ ಸಾವ್ಕಾರ್ರು ಆ ಸಾಲಿನಲ್ಲಿ ಮುಂದೆ ನಿಂತಿದ್ದರು. ನಾವು ಹಿಂದೆ.

ಸಂಬಂಧ ಚೆನ್ನಾಗಿಟ್ಟುಕೊಂಡವರು ಮುಂದೆ ಬರುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ಅಂತ ಕೇಳಿದರೆ ಮಾತು ತೇಲಿ ಹೋಗುತ್ತದೆ. ನನಗೆ ಅರ್ಥವಾದದ್ದು ಇಷ್ಟು. ಕಾಗದ, ನಿಯಮ, ಬೆಲೆ, ಗುಣಮಟ್ಟ ಎಲ್ಲ ಮುಗಿದ ಮೇಲೂ ಒಂದಿಷ್ಟು ಜಾಗ ಖಾಲಿ ಉಳಿಯುತ್ತದೆ. ಸಮಾನರಾದ ಹತ್ತು ಮಂದಿಯಲ್ಲಿ ಯಾರು ಮೊದಲು ಅನ್ನುವುದು ಅಲ್ಲಿ ತೀರ್ಮಾನವಾಗುತ್ತದೆ. ನಮ್ಮ ಕಡೆಯ ವ್ಯಾಪಾರದಲ್ಲಿ ಆ ಖಾಲಿ ಜಾಗ ತುಂಬಾ ದೊಡ್ಡದು. ಜೀನ್ಸ್ ವಿಷಯವನ್ನೇ ನೋಡಿ. ಬಳ್ಳಾರಿಯ ಒಂದು ಪ್ಯಾಂಟು ಸಾಮಾನ್ಯವಾಗಿ ಒಂದೇ ಸೂರಿನ ಕೆಳಗೆ ತಯಾರಾಗುವುದಿಲ್ಲ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಮನೆಯಲ್ಲಿ, ವಾಷಿಂಗ್ ಮತ್ತೊಂದು ಕಡೆ, ಗುಂಡಿ ಬಡಿಯುವುದು, ದಾರ ಕತ್ತರಿಸುವುದು, ಇಸ್ತ್ರಿ ಬೇರೆ ಬೇರೆ ಕೈಗಳಲ್ಲಿ. ಕೌಲ್ ಬಜಾರಿನ ಗಲ್ಲಿಗಳಲ್ಲಿ ಬಂಡಲ್‌ಗಳು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತಲೇ ಇರುತ್ತವೆ, ಅದೂ ಹೆಚ್ಚಾಗಿ ಬಾಯಿಮಾತಿನ ಮೇಲೆ. ಹಬ್ಬದ ಸೀಸನ್ ಬಂದಾಗ ವಾಷಿಂಗ್‌ನವರ ಮುಂದೆ ಎಂಟು ಜನರ ಮಾಲು ಬಿದ್ದಿರುತ್ತದೆ. ರೇಟು ಎಲ್ಲರಿಗೂ ಅದೇ. ಯಾರ ಬಂಡಲ್ ಮೊದಲು ನೀರಿಗೆ ಬೀಳುತ್ತದೆ?

ಈಗ ಮಾತಿಗೆ ಬರೋಣ. ನಗುನಗುತ್ತಾ ಮಾತಾಡುವುದು, ತಮಾಷೆ ಮಾಡುವುದು, ಅಂತಃಕರಣ ತೋರಿಸುವುದು. ಮೂರನ್ನೂ ಒಂದೇ ಗಂಟು ಕಟ್ಟಿ 'ಒಳ್ಳೆ ಸ್ವಭಾವ' ಅಂದುಬಿಡುತ್ತೇವೆ. ನನ್ನ ಪ್ರಕಾರ ಇವು ಮೂರು ಬೇರೆ ಬೇರೆ ಕೆಲಸ ಮಾಡುತ್ತವೆ.

ಮೊದಲನೆಯದು ಬಾಗಿಲು ತೆಗೆಸುವ ಮಾತು. ಇದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರೇ ಇಲ್ಲ. 'ಮೋಡಿ' ಅಂದರೆ ಮಾಟದ ವಾಸನೆ. 'ಬಣ್ಣದ ಮಾತು' ಅಂದರೆ ಅನುಮಾನ. ಜನರಿಗೆ ಇದರ ಮೇಲೆ ಮೊದಲಿನಿಂದಲೂ ಗುಮಾನಿ ಇದೆ ಅಂತ ಇದರಿಂದಲೇ ಗೊತ್ತಾಗುತ್ತದೆ. ಆದರೆ 'ಬಾಯಿದ್ದವನು ಬರಗಾಲದಲ್ಲೂ ಬದುಕಿದ' ಅಂತ ಹೇಳುವವರೂ ಇದೇ ಜನ.

ಈ ಮಾತಿನ ಗುಟ್ಟು ನಾವಂದುಕೊಂಡಷ್ಟು ಮಾತಿನಲ್ಲಿಲ್ಲ, ಕೇಳುವುದರಲ್ಲಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಹೇಳುತ್ತದೆ. ಅಪರಿಚಿತರನ್ನು ಮಾತಿಗೆ ಕೂರಿಸಿದರು. ಜಾಸ್ತಿ ಪ್ರಶ್ನೆ ಕೇಳಿದವರನ್ನು ಎದುರಿನವರು ಜಾಸ್ತಿ ಇಷ್ಟಪಟ್ಟರು. ಅದರಲ್ಲೂ ಹೇಳಿದ ಮಾತನ್ನೇ ಹಿಡಿದು ಕೇಳುವ ಮುಂದಿನ ಪ್ರಶ್ನೆ ಇದೆಯಲ್ಲ, ಅದರ ಕೆಲಸ ದೊಡ್ಡದು. "ಮೊಣಕಾಲು ನೋವು" ಅಂದವರಿಗೆ "ಹೌದಾ, ನಮ್ಮವ್ವಗೂ ಐತ್ರಿ" ಅಂದರೆ ಮಾತು ನಿಮ್ಮ ಮನೆಗೆ ಬಂತು. "ಮೆಟ್ಲ ಹತ್ತೋವಾಗ ಬರ್ತೈತೋ, ಇಳಿಯೋವಾಗೋ?" ಅಂದರೆ ಮಾತು ಅವರ ಹತ್ತಿರವೇ ಉಳಿಯಿತು. ನಮ್ಮ ಸಾವ್ಕಾರ್ರು ಎರಡನೆಯ ಜಾತಿಯವರು. ಒಂದು ತಿಂಗಳು ಬಿಟ್ಟು ಬಂದರೂ ಅದೇ ಮೊಣಕಾಲಿನಿಂದ ಶುರು ಮಾಡುತ್ತಿದ್ದರು.

ಇನ್ನೊಂದು ಭಾಷೆ. ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಮದ್ರಾಸಿನ ಕಡೆ ಇತ್ತು. ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದು, 1956ರಲ್ಲಿ ಇತ್ತ ಬಂದವು. ಹಾಗಾಗಿ ಇಲ್ಲಿನ ಬಜಾರುಗಳಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಮೂರೂ ಓಡಾಡುತ್ತವೆ. ಬಳ್ಳಾರಿಯ ಅಂಗಡಿಯಲ್ಲಿ "ಬಾಗುನ್ನಾರಾ ಅನ್ನಾ" ಅಂದರೆ, ರಾಯಚೂರಿನಲ್ಲಿ "ಕೈಸೇ ಹೈ ಚಾಚಾ" ಅಂದರೆ ಎದುರಿನವರ ಭುಜ ಸ್ವಲ್ಪ ಸಡಿಲವಾಗುವುದು ಕಣ್ಣಿಗೆ ಕಾಣುತ್ತದೆ. ವ್ಯಾಕರಣ ತಪ್ಪಾದರೂ ಪರವಾಗಿಲ್ಲ. ತಪ್ಪಾದರೆ ಇನ್ನೂ ಒಳ್ಳೆಯದು. ಅವರು ತಿದ್ದುತ್ತಾರೆ, ನಗುತ್ತಾರೆ, ಕೂರಿಸುತ್ತಾರೆ.

ಸುಮ್ನೆ ಮುಖ ತೋರಿಸುವುದಕ್ಕೂ ಬೆಲೆ ಇದೆ. ಒಂದು ವಸ್ತುವನ್ನು ಮತ್ತೆ ಮತ್ತೆ ನೋಡಿದರೆ ಸಾಕು, ಬೇರೇನೂ ಕಾರಣವಿಲ್ಲದೆ ಅದರ ಮೇಲೆ ಇಷ್ಟ ಬೆಳೆಯುತ್ತದೆ ಅಂತ ಮನಃಶಾಸ್ತ್ರಜ್ಞ ರಾಬರ್ಟ್ ಜಾಯನ್ಸ್ 1968ರಲ್ಲಿ ತೋರಿಸಿದರು. ವಸೂಲಿ ಇಲ್ಲದ ದಿನವೂ ಆ ಬೀದಿಯಲ್ಲಿ ಹೋದರೆ ಸಾವ್ಕಾರ್ರು ಒಂದು ಕೈ ಎತ್ತಿ ಹೋಗುತ್ತಿದ್ದರು. ನಾವಿಬ್ಬರು? ದುಡ್ಡು ಬೇಕಾದಾಗ ಮಾತ್ರ ಕಾಣಿಸುತ್ತಿದ್ದೆವು. ನಮ್ಮ ಮುಖ ಕಂಡರೆ ಬಾಕಿ ನೆನಪಾಗುವುದು ಸಹಜ ಅಲ್ವಾ?

ನಾಚಿಕೆ ಸ್ವಭಾವದವರಿಗೆ ಇಲ್ಲಿ ಒಂದು ಸಮಾಧಾನ ಇದೆ. 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಹೊಸಬರು ಮಾತಾಡಿ ಎದ್ದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿದರು. 'ಅವರು ನನ್ನನ್ನು ಎಷ್ಟು ಇಷ್ಟಪಟ್ಟಿರಬಹುದು' ಅಂತ ಜನ ಊಹಿಸಿದ್ದು ಒಂದು. ನಿಜವಾಗಿ ಇಷ್ಟಪಟ್ಟಿದ್ದು ಅದಕ್ಕಿಂತ ಜಾಸ್ತಿ. ನಾನೇನೋ ಎಡವಟ್ಟು ಮಾತಾಡಿದೆ ಅಂತ ಬಸ್ಸಿನಲ್ಲಿ ಕೂತು ಕೊರಗುತ್ತೀರಲ್ಲ, ಆ ಹೊತ್ತಿಗೆ ಎದುರಿನವರೂ ಅದೇ ಕೊರಗಿನಲ್ಲಿರುತ್ತಾರೆ.

ತಮಾಷೆಯ ವಿಷಯ ಹೇಳುವ ಮೊದಲು ನನ್ನ ಒಂದು ತಪ್ಪು ಹೇಳಬೇಕು.

ಗಂಗಾವತಿಯ ಕಡೆ ಒಬ್ಬ ಗಿರಾಕಿ ಇದ್ದರು. ವಯಸ್ಸಾದವರು, ನಗುಮುಖದವರು, ನನ್ನನ್ನು "ಬಾರಲೇ ಮಗನ" ಅಂತಲೇ ಕರೆಯುವವರು. ಅವರ ಜೊತೆ ತಮಾಷೆ ನಡೆಯುತ್ತಿತ್ತು. ಒಂದು ದಿನ ಹೋದಾಗ ಅಂಗಡಿಯಲ್ಲಿ ಇನ್ನೂ ಮೂರ್ನಾಲ್ಕು ಮಂದಿ ಕೂತಿದ್ದರು. ನಾನು ನಗುತ್ತಲೇ ಅಂದೆ: "ಕಾಕಾ, ಈ ಬಾಕಿ ಮೊಮ್ಮಗನ ಮದುವಿಗೆ ಕೊಡ್ತೀರೇನ್ರಿ?" ಎಲ್ಲರೂ ನಕ್ಕರು. ಕಾಕಾನೂ ನಕ್ಕರು. ಕೂತವರು ಅವರ ಹೊಸ ಬೀಗರು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಮುಂದಿನ ವಾರ ಅವರು ಪೂರ್ತಿ ಬಾಕಿ ಎಣಿಸಿ ಕೊಟ್ಟರು. ಒಂದು ರೂಪಾಯಿ ಉಳಿಸಲಿಲ್ಲ. ಖುಷಿಯಿಂದ ಬಂದು ಸಾವ್ಕಾರ್ರ ಮುಂದೆ ದುಡ್ಡಿಟ್ಟೆ. ಅವರ ಮುಖ ಸಣ್ಣದಾಯಿತು.

"ಪೂರಾ ಕೊಟ್ಟನೇನಲೇ?"

"ಹೂಂರಿ."

"ಹಂಗಾರ ಮುಗೀತು ಬಿಡು."

ಮುಗಿಯಿತು. ಆ ಅಂಗಡಿಯಿಂದ ಮತ್ತೆ ಆರ್ಡರ್ ಬರಲಿಲ್ಲ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ನಗು ಏನು ಮಾಡುತ್ತದೆ? ರಾಬರ್ಟ್ ಪ್ರೊವೈನ್ ಅನ್ನುವ ಅಮೆರಿಕದ ವಿಜ್ಞಾನಿ 1990ರ ದಶಕದಲ್ಲಿ ಶಾಪಿಂಗ್ ಮಾಲ್, ಬೀದಿ, ಕಾಲೇಜುಗಳಲ್ಲಿ ಜನ ನಗುವುದನ್ನು ಕದ್ದು ಕೇಳಿ ಬರೆದಿಟ್ಟುಕೊಂಡರು. 1200 ನಗುಗಳು. ಅದರಲ್ಲಿ ನಿಜವಾದ ಜೋಕು ಅನ್ನಬಹುದಾದ ಮಾತಿಗೆ ಬಂದ ನಗು 100ಕ್ಕೆ 20 ಕೂಡ ದಾಟಲಿಲ್ಲ. ಉಳಿದದ್ದೆಲ್ಲ "ಬಂದ್ಯಾ?", "ಆಯ್ತು ಹೋಗಿ ಬರ್ತೀನಿ" ತರಹದ ಮಾತಿಗೆ ಬಂದ ನಗು. ಒಬ್ಬರೇ ಇದ್ದಾಗಿಗಿಂತ ಜೊತೆಯಲ್ಲಿ ಇದ್ದಾಗ ಜನ 30 ಪಟ್ಟು ಜಾಸ್ತಿ ನಗುತ್ತಾರೆ ಅಂತಲೂ ಅವರ ಲೆಕ್ಕ. ಅಂದರೆ ಸಂಬಂಧ ಕಟ್ಟಲು ಜೋಕು ಬಾಯಿಪಾಠ ಮಾಡಬೇಕಿಲ್ಲ. ನಮ್ಮ ಕಡೆ ಚಾದಂಗಡಿ ಮುಂದೆ ಐದು ನಿಮಿಷ ನಿಂತರೆ ಇದು ಗೊತ್ತಾಗುತ್ತದೆ. ಬರೆದಿಟ್ಟರೆ ಒಂದು ಮಾತೂ ನಗು ತರಿಸುವುದಿಲ್ಲ. ಆದರೆ ಅಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡಿರುತ್ತಾರೆ.

ರಾಬಿನ್ ಡನ್‌ಬಾರ್ ಎಂಬ ಬ್ರಿಟನ್ನಿನ ವಿಜ್ಞಾನಿಯ ತಂಡ 2011ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜನರನ್ನು ಕೂರಿಸಿ ನಗಿಸುವ ವಿಡಿಯೊ ತೋರಿಸಿ, ಅದಕ್ಕೆ ಮೊದಲು, ಆಮೇಲೆ ಅವರು ನೋವು ಎಷ್ಟು ತಡೆದುಕೊಳ್ಳುತ್ತಾರೆ ಅಂತ ಅಳೆದರು. ಚೆನ್ನಾಗಿ ನಕ್ಕವರು ಜಾಸ್ತಿ ತಡೆದುಕೊಂಡರು. ನಗುವಾಗ ಮೆದುಳಿನಲ್ಲಿ ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವುದೇ ಇದಕ್ಕೆ ಕಾರಣ ಅನ್ನುವುದು ಅವರ ವಾದ. ಮಂಗಗಳು ಒಂದರ ತಲೆ ಒಂದು ಹೇನು ನೋಡುವಾಗಲೂ ಇಂಥದ್ದೇ ಆಗುತ್ತದಂತೆ. ಹೇನು ನೋಡಲು ಒಂದು ಸಲಕ್ಕೆ ಒಬ್ಬರೇ. ನಗುವಾದರೆ ಮೂರ್ನಾಲ್ಕು ಮಂದಿಗೆ ಒಟ್ಟಿಗೆ ಆಗುತ್ತದೆ. ಕಟ್ಟೆ ಮೇಲೆ ಕೂತ ಗುಂಪಿನ ಗಟ್ಟಿತನ ಇಲ್ಲಿಂದ ಬರುತ್ತದೆ.

ಹಾಗಾದರೆ ನನ್ನ ತಮಾಷೆ ಯಾಕೆ ಕೆಟ್ಟಿತು? ಯಾರು ಯಾರನ್ನು ತಮಾಷೆ ಮಾಡಬಹುದು ಅನ್ನುವುದಕ್ಕೆ ಪ್ರತಿ ಊರಿನಲ್ಲೂ ಬರೆಯದ ಕಾನೂನು ಇದೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇದನ್ನು 'ತಮಾಷೆಯ ಸಂಬಂಧ' ಅಂತ ಕರೆದು ವಿವರಿಸಿದರು. ಒಂದು ಕಡೆ ಹತ್ತಿರ ಇರಬೇಕು, ಇನ್ನೊಂದು ಕಡೆ ಜಗಳಕ್ಕೂ ಕಾರಣ ಇದೆ. ಇಂಥ ಇಬ್ಬರ ನಡುವೆ ತಮಾಷೆಗೆ ಪರವಾನಗಿ ಸಿಗುತ್ತದೆ. ನಮ್ಮಲ್ಲಿ ಭಾವ-ಮೈದುನರ ನಡುವೆ ಇದೆ. ಮದುವೆಯಲ್ಲಿ ಬೀಗರು ಬೀಗರನ್ನು ಕಾಡಿಸುತ್ತಾರೆ. ಹೊಸ ಸೊಸೆಯನ್ನು ಒಡಪು ಹಾಕಿ ಗಂಡನ ಹೆಸರು ಹೇಳು ಅಂತ ಪೀಡಿಸುತ್ತಾರೆ. ಆದರೆ ಮಾವನ ಮುಂದೆ ಅಳಿಯನ ಬಾಯಿ ಬಂದ್. ಹಾಗೆಯೇ ಬೀಗರ ಮುಂದೆ ಮನೆಯ ಹಿರಿಯನ ಬಾಕಿ ವಿಷಯ ಎತ್ತುವುದು ಯಾವ ಪರವಾನಗಿಯಲ್ಲೂ ಇಲ್ಲ. ಇಬ್ಬರೇ ಇದ್ದಾಗ ಅದೇ ಮಾತು ಸಲುಗೆ. ನಾಲ್ಕು ಮಂದಿ ಮುಂದೆ ಅದು ಮರ್ಯಾದೆ ಪ್ರಶ್ನೆ. ಕಾಕಾ ನಕ್ಕರಲ್ಲ ಅಂತ ನಾನು ಅಂದುಕೊಂಡೆ. ಆ ನಗು ಬೀಗರ ಮುಂದೆ ಮುಖ ಉಳಿಸಿಕೊಳ್ಳಲು ನಕ್ಕದ್ದು.

ಅದಕ್ಕೇ ಅನುಭವಸ್ಥರು ತಮ್ಮನ್ನೇ ತಾವು ತಮಾಷೆ ಮಾಡಿಕೊಳ್ಳುತ್ತಾರೆ. ಅಲ್ಲಿ ಅಪಾಯ ಕಡಿಮೆ. ಆದರೆ ಅದಕ್ಕೂ ಒಂದು ಷರತ್ತಿದೆ. 1966ರಲ್ಲಿ ಎಲಿಯಟ್ ಆರನ್ಸನ್ ಅನ್ನುವ ಮನಃಶಾಸ್ತ್ರಜ್ಞರು ಒಂದು ಮೋಜಿನ ಪ್ರಯೋಗ ಮಾಡಿದರು. ಕ್ವಿಜ್‌ನಲ್ಲಿ 100ಕ್ಕೆ 92 ಸರಿ ಉತ್ತರ ಹೇಳಿದ ಜಾಣನೊಬ್ಬ ಕೊನೆಗೆ ಮೈಮೇಲೆ ಕಾಫಿ ಚೆಲ್ಲಿಕೊಳ್ಳುವ ಟೇಪು ಕೇಳಿಸಿದರು. ಜನ ಅವನನ್ನು ಮೊದಲಿಗಿಂತ ಜಾಸ್ತಿ ಇಷ್ಟಪಟ್ಟರು. ಸಾಧಾರಣ ಉತ್ತರ ಹೇಳಿದವನು ಅದೇ ರೀತಿ ಕಾಫಿ ಚೆಲ್ಲಿಕೊಂಡರೆ ಇದ್ದ ಇಷ್ಟವೂ ಹೋಯಿತು. ಕೆಲಸ ಗೊತ್ತಿರುವವರ ಎಡವಟ್ಟು ಚೆಂದ ಕಾಣುತ್ತದೆ, ಗೊತ್ತಿಲ್ಲದವರದು ಬರೀ ಎಡವಟ್ಟು. ನಮ್ಮ ಸಾವ್ಕಾರ್ರು "ನನಗೆಲ್ಲಿ ಲೆಕ್ಕ ಬರ್ತೈತ್ರಿ, ನಾ ಮೂರನೇತ್ತೆ ಫೇಲು" ಅಂದರೆ ಎಲ್ಲರೂ ನಗುತ್ತಿದ್ದರು. ಯಾಕೆಂದರೆ ಅವರ ಬಾಯಿಲೆಕ್ಕ ಕ್ಯಾಲ್ಕುಲೇಟರಿಗಿಂತ ಮುಂದೆ ಓಡುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ಮಾತು ನಾನು ಹೇಳಿದ್ದರೆ ಬಿಲ್ಲನ್ನು ಎರಡು ಸಲ ಕೂಡಿಸಿ ನೋಡುತ್ತಿದ್ದರು.

ಇನ್ನು ಅಂತಃಕರಣ. ಸಾವ್ಕಾರ್ರ ಆ ಮಾತು, 'ಪೂರಾ ಕೊಟ್ಟನಾ, ಹಂಗಾರ ಮುಗೀತು', ಅದು ಸೇರುವುದು ಇಲ್ಲಿಗೆ.

ನಮ್ಮ ಕಡೆ ಮದುವೆಗೆ ಹೋದರೆ ಚಪ್ಪರದ ಒಂದು ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಹೆಸರು, ಊರು ಸಮೇತ ಬರೆಯುತ್ತಾರೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಪ್ರೀತಿಯಿಂದ ಕೊಟ್ಟದ್ದಕ್ಕೆ ಲೆಕ್ಕ ಯಾಕೆ? ಆ ಲೆಕ್ಕದ ಉಪಯೋಗ ನಂತರ ಬರುತ್ತದೆ. ಅವರ ಮನೆಯ ಮದುವೆ ಬಂದಾಗ ಪುಸ್ತಕ ತೆಗೆದು ನೋಡಿ, ಅವರು ಮಾಡಿದ್ದಕ್ಕಿಂತ ಸ್ವಲ್ಪ ಜಾಸ್ತಿ ಸೇರಿಸಿ ಮಾಡುತ್ತಾರೆ. ಅಷ್ಟೇ ಮಾಡಿದರೆ ಚೆನ್ನಾಗಿರುವುದಿಲ್ಲ. ಕಡಿಮೆ ಮಾಡಿದರೆ ಮಾತು ಬರುತ್ತದೆ. ಸ್ವಲ್ಪ ಜಾಸ್ತಿ ಮಾಡಿದರೆ ಈಗ ಅವರು ನಿಮಗೆ ಬಾಕಿ. ಅವರು ಮುಂದೆ ಮತ್ತೆ ಸ್ವಲ್ಪ ಸೇರಿಸುತ್ತಾರೆ. ಹೀಗೆ ಖಾತೆ ಯಾವತ್ತೂ ಸೊನ್ನೆಗೆ ಬರುವುದೇ ಇಲ್ಲ. ಬರಬಾರದು ಕೂಡ. ಹೊಲದಲ್ಲಿ ಮುಯ್ಯಾಳು ಅನ್ನುವುದೂ ಇದೇ ಲೆಕ್ಕ. ಇವತ್ತು ನಿಮ್ಮ ಹೊಲದ ಕಳೆಗೆ ನಾನು, ನಾಳೆ ನನ್ನ ಹೊಲದ ರಾಶಿಗೆ ನೀವು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ಜಗತ್ತಿನ ಬೇರೆ ಬೇರೆ ಸಮಾಜಗಳ ಉಡುಗೊರೆ ಪದ್ಧತಿ ನೋಡಿ ಇದನ್ನೇ ಹೇಳಿದರು. ಕೊಡಬೇಕು, ಬೇಡ ಅನ್ನದೆ ತಗೊಳ್ಳಬೇಕು, ವಾಪಸ್ ಮಾಡಬೇಕು. ಈ ಮೂರು ಹಂಗುಗಳು ಸೇರಿ ಜನರನ್ನು ಕಟ್ಟಿಹಾಕುತ್ತವೆ. ಪೂರ್ತಿ ತೀರಿಸಿ ಕೈ ತೊಳೆದುಕೊಂಡರೆ ಇಬ್ಬರೂ ಸ್ವತಂತ್ರ, ಇಬ್ಬರೂ ಅಪರಿಚಿತ. ಗಂಗಾವತಿಯ ಕಾಕಾ ಎಣಿಸಿ ಕೊಟ್ಟ ದುಡ್ಡಿನ ಅರ್ಥ ಅದೇ ಆಗಿತ್ತು. ಮುಯ್ಯಿ ಅನ್ನುವ ಪದ ನೋಡಿ, ಉಡುಗೊರೆ ವಾಪಸ್ ಮಾಡುವುದಕ್ಕೂ ಮುಯ್ಯಿ, ಸೇಡಿಗೂ ಮುಯ್ಯಿ. ಉಪಕಾರವಾಗಲಿ ಅವಮಾನವಾಗಲಿ, ಜನ ಬರೆದಿಟ್ಟುಕೊಳ್ಳುವುದು ಒಂದೇ ಪುಸ್ತಕದಲ್ಲಿ.

ರಾಯಚೂರಿನ ಎಪಿಎಂಸಿಯಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬಹುದು. ಈಗ ಟೆಂಡರ್ ಕಂಪ್ಯೂಟರಿನಲ್ಲಿ ಆಗುತ್ತದೆ, ರೇಟು ಎಲ್ಲರಿಗೂ ಕಾಣುತ್ತದೆ. ಆದರೂ ಎಷ್ಟೋ ರೈತರು ಹತ್ತಿ ತುಂಬಿದ ಗಾಡಿಯನ್ನು ಅಪ್ಪನ ಕಾಲದಿಂದ ಹೋಗುತ್ತಿದ್ದ ದಲಾಲಿ ಅಂಗಡಿ ಮುಂದೆಯೇ ನಿಲ್ಲಿಸುತ್ತಾರೆ. ಬೀಜಕ್ಕೆ, ಗೊಬ್ಬರಕ್ಕೆ ಮುಂಗಡ ಕೊಟ್ಟವರು ಅವರೇ ಅನ್ನುವುದು ಒಂದು ಕಾರಣ. ಅದು ಕಟ್ಟಿಹಾಕುವ ಹಗ್ಗವೂ ಹೌದು, ಸುಳ್ಳು ಹೇಳಬಾರದು. ಆದರೆ ಒಬ್ಬ ರೈತರು ನನಗೆ ಹೇಳಿದ ಕಾರಣ ಬೇರೆ: "ನಮ್ಮ ಹುಡುಗಗ ಹಾವು ಕಡಿದಾಗ ರಾತ್ರಿ ಎರಡು ಗಂಟೆಗೆ ಫೋನ್ ಎತ್ತಿದ್ದು ಅವರೊಬ್ಬರೆ." ರಾತ್ರಿ ಎರಡು ಗಂಟೆಗೆ ಎತ್ತಿದ ಫೋನಿಗೆ ಎಷ್ಟು ಬಡ್ಡಿ ಅಂತ ಯಾವ ಪುಸ್ತಕದಲ್ಲಿ ಬರೆಯುತ್ತೀರಿ?

ಕೊಪ್ಪಳದ ಗವಿಮಠದ ಜಾತ್ರೆ ಬಂದರೆ ಸುತ್ತಲಿನ ಊರುಗಳಿಂದ ಜೋಳದ ರೊಟ್ಟಿ ಗಂಟುಗಂಟಾಗಿ ದಾಸೋಹಕ್ಕೆ ಬರುತ್ತದೆ. ಅಲ್ಲಿ ಯಾರ ರೊಟ್ಟಿ ಯಾರು ತಿಂದರೋ ಲೆಕ್ಕ ಇಲ್ಲ. ಮುಯ್ಯಿ ಪುಸ್ತಕ ಇರುವ ಇದೇ ಜನ ಪುಸ್ತಕ ಇಲ್ಲದೆಯೂ ಕೊಡುತ್ತಾರೆ. ಎರಡೂ ನಿಜ. ಲೆಕ್ಕ ಇಟ್ಟು ಮಾಡುವ ಉಪಕಾರ ಕೀಳು, ಲೆಕ್ಕ ಬಿಟ್ಟು ಮಾಡುವುದು ಮೇಲು ಅನ್ನುವ ಹಠ ನನಗಿಲ್ಲ. ಲೆಕ್ಕ ಇಡುವುದು ಅಂದರೆ ನೆನಪಿಡುವುದು ಅಂತಲೂ ಅಲ್ವಾ.

ಇಲ್ಲಿ ಒಂದು ತಿರುವು ಇದೆ. ಉಪಕಾರ ಮಾಡಿದರೆ ಸಂಬಂಧ ಬೆಳೆಯುತ್ತದೆ, ಸರಿ. ಉಪಕಾರ ಕೇಳಿದರೂ ಬೆಳೆಯುತ್ತದೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಎಂಬ ಇಬ್ಬರು ಸಂಶೋಧಕರು ಒಂದು ಸ್ಪರ್ಧೆಯಲ್ಲಿ ಜನರಿಗೆ ದುಡ್ಡು ಗೆಲ್ಲಿಸಿದರು. ಆಮೇಲೆ ಕೆಲವರ ಹತ್ತಿರ ಸಂಶೋಧಕರೇ ಬಂದು, 'ಇದು ನನ್ನ ಸ್ವಂತ ದುಡ್ಡು, ಖಾಲಿಯಾಗುತ್ತಿದೆ, ವಾಪಸ್ ಕೊಡ್ತೀರಾ' ಅಂತ ಕೇಳಿದರು. ಹಾಗೆ ದುಡ್ಡು ವಾಪಸ್ ಕೊಟ್ಟವರೇ ಉಳಿದವರಿಗಿಂತ ಅವರನ್ನು ಜಾಸ್ತಿ ಇಷ್ಟಪಟ್ಟರು. ಒಬ್ಬರಿಗೆ ಸಹಾಯ ಮಾಡಿದ ಮೇಲೆ ಅವರು ಒಳ್ಳೆಯವರಿರಬೇಕು ಅಂತ ನಮ್ಮ ಮನಸ್ಸೇ ಸಮಜಾಯಿಷಿ ಕೊಟ್ಟುಕೊಳ್ಳುತ್ತದೆ. ಕೇಳಲು ನಾವು ಹೆದರುತ್ತೇವೆ, ಅದು ಬೇರೆ. 2008ರ ಒಂದು ಅಧ್ಯಯನದಲ್ಲಿ ಐದು ಮಂದಿಯಿಂದ ಒಂದು ಫಾರಂ ತುಂಬಿಸಲು ಎಷ್ಟು ಮಂದಿಯನ್ನು ಕೇಳಬೇಕಾಗಬಹುದು ಅಂತ ಜನರನ್ನು ಊಹಿಸಲು ಹೇಳಿದರು. ಸುಮಾರು 20 ಅಂದರು. ಹೋಗಿ ಕೇಳಿದರೆ ಸುಮಾರು 10 ಮಂದಿಯಲ್ಲಿ ಕೆಲಸ ಮುಗಿಯಿತು. ನಮ್ಮ ಸಾವ್ಕಾರ್ರು ಯಾವ ಅಂಗಡಿಗೆ ಹೋದರೂ ಏನಾದರೊಂದು ಸಣ್ಣದು ಕೇಳುತ್ತಿದ್ದರು. ಒಂದು ಲೋಟ ನೀರು, ಒಂದು ಪೆನ್ನು, "ಇಲ್ಲಿ ಒಳ್ಳೆ ಜೋಳ ಎಲ್ಲಿ ಸಿಗ್ತಾವ್ರಿ?" ಮನೆಯಲ್ಲಿ ಜೋಳ ಇಲ್ಲ ಅಂತ ಅಲ್ಲ.

ಈಗ ಎಲ್ಲರೂ ತಪ್ಪು ತಿಳಿದಿರುವ ಒಂದು ಸಂಗತಿ. ಬದುಕಿನಲ್ಲಿ ಮುಂದೆ ಹೋಗಲು ಜೀವದ ಗೆಳೆಯರು ಬೇಕು ಅಂದುಕೊಳ್ಳುತ್ತೇವೆ. ಜೀವ ಉಳಿಸಲು ಬೇಕು, ನಿಜ. ಆದರೆ ಹೊಸ ದಾರಿ ತೋರಿಸುವವರು ಸಾಮಾನ್ಯವಾಗಿ ಅರೆಪರಿಚಯದವರು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ತೋರಿಸಿದರು. ಅಮೆರಿಕದ ಒಂದು ಊರಿನಲ್ಲಿ, ಪರಿಚಯದವರಿಂದ ಕೆಲಸ ಸಿಕ್ಕ ಜನರನ್ನು ಹಿಡಿದು, ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಅಂತ ಕೇಳಿದರು. 'ಆಗಾಗ ಸಿಗುತ್ತಿದ್ದೆವು' ಅಂದವರು 100ಕ್ಕೆ 17 ಮಂದಿ ಕೂಡ ಇಲ್ಲ. 'ಅಪರೂಪಕ್ಕೊಮ್ಮೆ' ಅಂದವರು ಸುಮಾರು 28. ಉಳಿದವರು ನಡುವಿನವರು.

ಕಾರಣ ಸರಳ. ನಮ್ಮ ಊರುಗಳಿಂದ ಗುಳೆ ಹೋಗುವುದನ್ನು ನೆನಪಿಸಿಕೊಳ್ಳಿ. ಒಂದೇ ಓಣಿಯ ಹದಿನೈದು ಮನೆ ಒಬ್ಬನೇ ಮೇಸ್ತ್ರಿಯ ಹಿಂದೆ ಬೆಂಗಳೂರಿನ ಒಂದೇ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಅವರ ನಡುವೆ ಪ್ರೀತಿ ಇದೆ, ಒಂದೇ ಒಲೆಯ ಮುಂದೆ ಊಟ ಇದೆ. ಆದರೆ ಒಬ್ಬನಿಗೆ ಗೊತ್ತಿರುವುದು ಇನ್ನೊಬ್ಬನಿಗೂ ಗೊತ್ತು. ಒಬ್ಬನಿಗೆ ಗೊತ್ತಿಲ್ಲದ್ದು ಯಾರಿಗೂ ಗೊತ್ತಿಲ್ಲ. ಅದೇ ಓಣಿಯ ಒಬ್ಬ ಹುಡುಗನಿಗೆ ಬಸ್ಸಿನಲ್ಲಿ ಸಿಕ್ಕ ಎಲೆಕ್ಟ್ರಿಷಿಯನ್ ಒಬ್ಬನ ಜೊತೆ ಮಾತು ಬೆಳೆದರೆ, ಓಣಿಗೇ ಗೊತ್ತಿಲ್ಲದ ಒಂದು ಸುದ್ದಿ ಆ ಹುಡುಗನ ಕಿವಿಗೆ ಬಿತ್ತು. 2022ರಲ್ಲಿ, ಉದ್ಯೋಗದ ಪರಿಚಯಗಳಿಗೆಂದೇ ಇರುವ ಲಿಂಕ್ಡ್‌ಇನ್ ಜಾಲತಾಣ ಬಳಸುವ 2 ಕೋಟಿ ಜನರ ಐದು ವರ್ಷಗಳ ಮಾಹಿತಿ ನೋಡಿದ ಸಂಶೋಧಕರಿಗೂ ಹೆಚ್ಚುಕಡಿಮೆ ಇದೇ ಕಂಡಿತು. ಆದರೆ ಒಂದು ತಿದ್ದುಪಡಿಯೊಂದಿಗೆ. ತೀರಾ ದೂರದವರೂ ಅಲ್ಲ, ತೀರಾ ಹತ್ತಿರದವರೂ ಅಲ್ಲ, ನಡುವೆ ಇರುವ ಅರೆಪರಿಚಯದವರಿಂದಲೇ ಕೆಲಸ ಬದಲಾಯಿಸಲು ಜಾಸ್ತಿ ಸಹಾಯವಾಗಿತ್ತು.

ನಗುಮಾತು, ತಮಾಷೆ ಇವುಗಳ ಬೆಲೆ ಇಲ್ಲಿ ಗೊತ್ತಾಗುತ್ತದೆ. ಜೀವದ ಗೆಳೆಯನಿಗೆ ಅದು ಬೇಕಿಲ್ಲ, ಅವನು ನಿಮ್ಮ ಸಿಡುಕನ್ನೂ ಸಹಿಸುತ್ತಾನೆ. ವರ್ಷಕ್ಕೆ ಎರಡು ಸಲ ಸಿಗುವವರಿಗೆ ನೀವು ಅಂದರೆ ಆ ಐದು ನಿಮಿಷ ಅಷ್ಟೇ. ಡನ್‌ಬಾರ್ ಅವರ ಪ್ರಕಾರ ಮನುಷ್ಯ ನಿಜವಾಗಿ ಇಟ್ಟುಕೊಳ್ಳಬಲ್ಲ ಸಂಬಂಧಗಳು ಸುಮಾರು 150. ಆ ಸಂಖ್ಯೆಯ ಬಗ್ಗೆ ವಿದ್ವಾಂಸರಲ್ಲಿ ಜಗಳ ಇದೆ, ಇರಲಿ. ಫೋನಿನಲ್ಲಿ ಎರಡು ಸಾವಿರ ನಂಬರ್ ಇಟ್ಟುಕೊಂಡವರಿಗೆಲ್ಲ ಎರಡು ಸಾವಿರ ಸಂಬಂಧ ಇಲ್ಲ ಅನ್ನುವುದಂತೂ ಗೊತ್ತಿರುವುದೇ.

ಇಷ್ಟೆಲ್ಲ ಹೇಳಿ, ಎಲ್ಲರಿಗೂ ಇದು ಸಮಾನವಾಗಿ ಸಿಗುತ್ತದೆ ಅಂದರೆ ನಾನು ಮೋಸ ಮಾಡಿದಂತೆ. ಕಟ್ಟೆ ಮೇಲೆ ಕೂರಲು ಎಲ್ಲ ಜಾತಿಯವರಿಗೂ ಒಂದೇ ಜಾಗ ಸಿಗದ ಊರುಗಳು ಇನ್ನೂ ಇವೆ. ಕೂರಲೇ ಬಿಡದಿದ್ದರೆ ನಗಿಸುವುದು ಯಾರನ್ನು? ನಾನು ಅಂಗಡಿಯವರ ಜೊತೆ ನಕ್ಕರೆ ಅದು ವ್ಯವಹಾರ ಚತುರತೆ. ನಮ್ಮ ಯೂನಿಟ್ಟಿನಲ್ಲಿ ದಾರ ಕತ್ತರಿಸಲು ಬರುತ್ತಿದ್ದ ಅಕ್ಕನೋರು ಹಾಗೆ ನಕ್ಕರೆ ಓಣಿಯಲ್ಲಿ ಬೇರೆ ಮಾತು ಹುಟ್ಟುತ್ತಿತ್ತು. ಅವರು ನನಗಿಂತ ಒಳ್ಳೆಯ ವಸೂಲಿ ಮಾಡುತ್ತಿದ್ದರು ಅಂತ ನನಗೆ ಅನುಮಾನವೇ ಇಲ್ಲ. ಯಾರೂ ಕಳಿಸಲಿಲ್ಲ. ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಯವರು 2022ರಲ್ಲಿ ಫೇಸ್‌ಬುಕ್‌ನ 2,100 ಕೋಟಿ ಗೆಳೆತನಗಳನ್ನು ಲೆಕ್ಕಕ್ಕೆ ತಗೊಂಡು ನೋಡಿದರು. ಬಡ ಮನೆಯ ಮಕ್ಕಳು ಉಳ್ಳವರ ಜೊತೆ ಗೆಳೆತನ ಮಾಡುವ ಅವಕಾಶ ಜಾಸ್ತಿ ಇರುವ ಊರುಗಳಲ್ಲಿ, ಅಂಥ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ಜಾಸ್ತಿ ಗಳಿಸುತ್ತಾರೆ. ಸ್ವಭಾವ ಎಷ್ಟೇ ಒಳ್ಳೆಯದಿದ್ದರೂ ಎದುರಿಗೆ ಯಾರು ಸಿಗುತ್ತಾರೆ ಅನ್ನುವುದು ನಮ್ಮ ಕೈಯಲ್ಲಿ ಪೂರ್ತಿ ಇರುವುದಿಲ್ಲ.

ವಶೀಲಿ ಬೇರೆ, ಇದು ಬೇರೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ವಶೀಲಿ ಅಂದರೆ ಅರ್ಹತೆ ಇಲ್ಲದವನನ್ನು ಸಾಲಿನೊಳಗೆ ತೂರಿಸುವುದು. ನಾನು ಹೇಳುತ್ತಿರುವುದು ಸಾಲಿನಲ್ಲಿ ಆಗಲೇ ನಿಂತವರ ವಿಷಯ. ಗೆರೆ ತೆಳುವಾಗಿದೆ, ಒಪ್ಪುತ್ತೇನೆ. ಚೀಟಿ ದುಡ್ಡು ಎತ್ತಿಕೊಂಡು ರಾತ್ರೋರಾತ್ರಿ ಊರು ಬಿಟ್ಟವರನ್ನೂ ನೋಡಿದ್ದೇನೆ. ಓಡಿಹೋಗುವ ಹಿಂದಿನ ದಿನದವರೆಗೆ ಅವರಷ್ಟು ಸಿಹಿಯಾಗಿ ಮಾತಾಡುವವರು ಆ ಬಜಾರಿನಲ್ಲಿ ಇರಲಿಲ್ಲ. ನಮ್ಮ ಜನಕ್ಕೆ 'ಮೋಡಿ' ಪದದ ಮೇಲೆ ಗುಮಾನಿ ಸುಮ್ನೆ ಬಂದದ್ದಲ್ಲ. ಮಾತು ಚೆಂದ ಇದ್ದವರನ್ನು ಅಳೆಯಲು ಸಾವ್ಕಾರ್ರು ಒಂದು ಉಪಾಯ ಹೇಳುತ್ತಿದ್ದರು. ಅವರು ಚಾ ತಂದಿಡುವ ಹುಡುಗನ ಜೊತೆ ಹೇಗೆ ಮಾತಾಡುತ್ತಾರೆ ನೋಡು. ಅವನಿಂದ ಅವರಿಗೆ ಬರಬೇಕಾದ್ದು ಏನೂ ಇಲ್ಲವಲ್ಲ.

ಆ ಯೂನಿಟ್ ಈಗ ಇಲ್ಲ. ನಾನು ಕೊಪ್ಪಳದಲ್ಲಿ ಸಣ್ಣ ರೆಡಿಮೇಡ್ ಅಂಗಡಿ ಇಟ್ಟುಕೊಂಡಿದ್ದೇನೆ. ಈಗ ನನ್ನ ಹತ್ತಿರ ವಸೂಲಿಗೆ ಹುಡುಗರು ಬರುತ್ತಾರೆ. ಒಬ್ಬ ಬಂದ ಕೂಡಲೇ ಮೊಬೈಲಿನಲ್ಲಿ ಬಾಕಿ ತೋರಿಸುತ್ತಾನೆ, ಅವನಿಗೆ ಬರೋ ವಾರ ಬಾ ಅನ್ನುತ್ತೇನೆ. ಬೇಕಂತ ಅಲ್ಲ, ಬಾಯಿಗೆ ಹಾಗೇ ಬರುತ್ತದೆ.

ಈ ಭಾನುವಾರ ಬಳ್ಳಾರಿಯಲ್ಲಿ ಒಂದು ಮದುವೆ ಇದೆ. ಹಬ್ಬದ ಸೀಸನ್ನಿನಲ್ಲಿ ನಮ್ಮ ಬಂಡಲ್‌ಗಳನ್ನು ಮೊದಲು ನೀರಿಗೆ ಹಾಕುತ್ತಿದ್ದ ವಾಷಿಂಗ್‌ನವರ ಮಗಳದು. ನನ್ನ ತಂಗಿಯ ಮದುವೆಯ ಮುಯ್ಯಿ ಪುಸ್ತಕ ಹುಡುಕಿ ತೆಗೆದೆವು. ಅವರ ಹೆಸರಿನ ಮುಂದೆ 501 ಅಂತ ಇದೆ. ಹೆಂಡತಿ 1,001 ಮಾಡೋಣ ಅನ್ನುತ್ತಾಳೆ. ನಮ್ಮವ್ವ ಬೇಡ ಅನ್ನುತ್ತಾಳೆ. "ಅಷ್ಟು ಹಾಕಿದ್ರ ಅವ್ರಿಗೆ ಭಾರ ಆಗ್ತೈತಿ. ನಾಳೆ ನಿನ್ನ ಮಗಳ ಮದುವಿಗೆ ಅವ್ರು ಎಲ್ಲಿಂದ ತರ್ಬೇಕು?" 701ಕ್ಕೋ 751ಕ್ಕೋ ಮಾತು ಬಂದು ನಿಂತಿದೆ. ಇನ್ನೂ ತೀರ್ಮಾನ ಆಗಿಲ್ಲ.